ಹೂಳಿನ ಲೆಕ್ಕ ಯಾರ ಹೆಗಲಿಗೆ?

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟಿನ ಸರಪಳಿ ಹರಿಯಿತು. ಗೇಟು ಕೊಚ್ಚಿಕೊಂಡು ಹೋಯಿತು. ಮಾರನೇ ದಿನದಿಂದ ಮಂತ್ರಿಗಳು ಬಂದರು, ಕ್ಯಾಮೆರಾಗಳು ಬಂದವು, ಎಂಜಿನಿಯರುಗಳು ಬಂದರು. ಒಂದು ವಾರ ನಾಡಿಗೆ ನಾಡೇ ಆ ಒಂದು ಕಿಂಡಿಯ ಕಡೆ ನೋಡುತ್ತ ನಿಂತಿತು. ನೀರು ಪೋಲಾಗುವುದು ಕಣ್ಣಿಗೆ ಕಾಣುತ್ತಿತ್ತು, ಕಿವಿಗೆ ಕೇಳುತ್ತಿತ್ತು. ಅದಕ್ಕೇ ಅದು ಸುದ್ದಿಯಾಯಿತು.

ಅದೇ ಅಣೆಕಟ್ಟಿನೊಳಗೆ ಇನ್ನೊಂದು ನಷ್ಟ ಎಪ್ಪತ್ತು ವರ್ಷಗಳಿಂದ ಸದ್ದಿಲ್ಲದೆ ನಡೆದಿದೆ. 1953ರಲ್ಲಿ ಮೊದಲ ಸಲ ನೀರು ನಿಲ್ಲಿಸಿದಾಗ ಈ ಜಲಾಶಯ ಹಿಡಿಯುತ್ತಿದ್ದದ್ದು 132.47 ಟಿಎಂಸಿ. 2016ರಲ್ಲಿ ಅಳೆದಾಗ ಅದು ಹಿಡಿಯುವುದು 105.788 ಟಿಎಂಸಿ ಎಂದು ಲೆಕ್ಕ ಸಿಕ್ಕಿತು. ಐದರಲ್ಲಿ ಒಂದು ಪಾಲು ಹೋಯಿತು. ಆ ಜಾಗದಲ್ಲಿ ಈಗ ಮಣ್ಣು ಕೂತಿದೆ. ಒಬ್ಬರಿಗೆ ದಿನಕ್ಕೆ 100 ಲೀಟರು ಎಂದು ಹಿಡಿದರೂ 2 ಕೋಟಿ ಜನ ಒಂದು ವರ್ಷ ಕುಡಿದು, ಉಂಡು, ಬಟ್ಟೆ ಒಗೆದುಕೊಳ್ಳುವಷ್ಟು ನೀರಿನ ಜಾಗ ಅದು. ಹೊಸಪೇಟೆ, ಬಳ್ಳಾರಿ, ಕೊಪ್ಪಳದ ನಲ್ಲಿಗಳು ಬಾಯಿ ತೆರೆದು ನೋಡುವುದು ಇದೇ ಹೊಳೆಯನ್ನು. ಇಷ್ಟು ದೊಡ್ಡ ನಷ್ಟಕ್ಕೆ ಒಬ್ಬ ಮಂತ್ರಿಯೂ ರಾತ್ರೋರಾತ್ರಿ ಓಡಿಬಂದಿಲ್ಲ. ಹೂಳಿಗೆ ಸದ್ದಿಲ್ಲ ನೋಡಿ.

ಅಣೆಕಟ್ಟುಗಳ ಚರಿತ್ರೆಯನ್ನು ನಮಗೆ ಶಾಲೆಯಲ್ಲಿ ಕಲಿಸಿದ್ದು ಅಡಿಗಲ್ಲಿನಿಂದ. ಯಾವ ದೊರೆ ಕಲ್ಲಿಟ್ಟ, ಯಾವ ಎಂಜಿನಿಯರು ನಕ್ಷೆ ಬರೆದ, ಎಷ್ಟು ಎಕರೆ ನೀರುಂಡಿತು. ನಾನು ಇಲ್ಲಿ ಅದೇ ಚರಿತ್ರೆಯನ್ನು ಹೂಳಿನಿಂದ ಶುರು ಮಾಡುತ್ತೇನೆ. ಯಾಕೆಂದರೆ ಅಡಿಗಲ್ಲಿನ ಮೇಲೆ ಬರೆದಿರದ ಹೆಸರುಗಳೆಲ್ಲ ಹೂಳಿನ ಹತ್ತಿರ ಸಿಗುತ್ತವೆ.

*

ಮೊದಲು ಹಿಂದಕ್ಕೆ ಹೋಗೋಣ. ಹೊಸಪೇಟೆಯ ದಕ್ಷಿಣಕ್ಕೆ ಎರಡು ಗುಡ್ಡಗಳ ನಡುವೆ ಒಂದು ದೊಡ್ಡ ಏರಿ ಇದೆ. ರಾಯರ ಕೆರೆ ಅಂತಾರೆ. ಸುಮಾರು 1520ರ ಹೊತ್ತಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ವ್ಯಾಪಾರಿ ಡೊಮಿಂಗೊ ಪಾಯೆಸ್, ಕೃಷ್ಣದೇವರಾಯ ಕಟ್ಟಿಸುತ್ತಿದ್ದ ಒಂದು ಕೆರೆಯ ಬಗ್ಗೆ ಬರೆದಿಟ್ಟಿದ್ದಾನೆ. ಅದು ಈ ಕೆರೆಯೇ ಎಂದು ಇತಿಹಾಸಕಾರರು ಸಾಮಾನ್ಯವಾಗಿ ಗುರುತಿಸುತ್ತಾರೆ. ಅಲ್ಲಿ ಹದಿನೈದು ಇಪ್ಪತ್ತು ಸಾವಿರ ಜನ ಇರುವೆಗಳ ಹಾಗೆ ಕೆಲಸ ಮಾಡುತ್ತಿದ್ದರು ಎನ್ನುತ್ತಾನೆ ಅವನು. ಏರಿ ಎರಡು ಮೂರು ಸಲ ಒಡೆಯಿತು. ಬ್ರಾಹ್ಮಣರನ್ನು ಕೇಳಿದರು. ದೇವರು ಬಲಿ ಕೇಳುತ್ತದೆ ಎಂಬ ಉತ್ತರ ಬಂತು. ಅರವತ್ತು ಜನರ ತಲೆ ಕಡಿದರು, ಜೊತೆಗೆ ಕುದುರೆ, ಕೋಣ. ಪಾಯೆಸ್ ಇದನ್ನು ಬೆರಗಿನಿಂದ ಬರೆದ. ನಮ್ಮ ಪಾಠದ ಪುಸ್ತಕಕ್ಕೆ ಕೆರೆ ಬಂತು, ರಾಯ ಬಂದ, ಅರವತ್ತು ಜನ ಬರಲಿಲ್ಲ.

ಆ ಕೆರೆಯ ಏರಿ ಇನ್ನೂ ಐತಿ. ಒಡಲು ಹೊಲವಾಗಿದೆ. ತಲೆ ಕೊಟ್ಟು ನಿಲ್ಲಿಸಿದ ಏರಿಯ ಹಿಂದೆ ನೀರಿಗೆ ಜಾಗವಿಲ್ಲದ ಹಾಗಾಯಿತು. ಏರಿ ಕಟ್ಟಿದರೆ ಕೆಲಸ ಮುಗಿಯಿತೆಂದು ದೊರೆಗೆ ಅನಿಸಬಹುದು. ಕೆರೆಗೆ ಹಾಗಲ್ಲ. ನೀರು ಬರುವಾಗ ಮಣ್ಣನ್ನೂ ತರುತ್ತದೆ. ಅದನ್ನು ವರ್ಷವರ್ಷ ಎತ್ತುವ ಕೈ ಬೇಕು.

ಈ ಕೈಗಳ ಬಗ್ಗೆ ಶಾಸನಗಳಿಗೆ ಗೊತ್ತಿತ್ತು. ಕೆರೆಯ ಹೂಳೆತ್ತುವ ಬಂಡಿಗೆ, ಬಂಡಿ ಎಳೆಯುವ ಎತ್ತಿಗೆ ಇಂತಿಷ್ಟು ಭೂಮಿ ಬಿಟ್ಟೆವು ಎನ್ನುವ ಶಾಸನಗಳು ಕರ್ನಾಟಕದಲ್ಲಿ ಸಿಗುತ್ತವೆ. ದಾನ ಕೊಟ್ಟವನ ಹೆಸರಿರುತ್ತದೆ, ಅವನ ವಂಶದ ಹೊಗಳಿಕೆ ಇರುತ್ತದೆ, ದಾನ ಕೆಡಿಸಿದವನಿಗೆ ಶಾಪ ಇರುತ್ತದೆ. ಬಂಡಿಗೆ ಮಣ್ಣು ತುಂಬಿದವನ ಹೆಸರನ್ನು ಹುಡುಕಿ ನೋಡಿ. ಎತ್ತಿಗಿದ್ದ ಲೆಕ್ಕ ಅವನಿಗಿರಲಿಲ್ಲ.

ಹಳೆ ಮೈಸೂರಿನ ಊರುಗಳಲ್ಲಿ ಹನ್ನೆರಡು ಆಯಗಾರರು ಇದ್ದರು. ಗೌಡ, ಶ್ಯಾನುಭೋಗ, ಬಡಗಿ, ಕಮ್ಮಾರರ ಸಾಲಿನಲ್ಲೇ ತೋಟಿ ಮತ್ತು ನೀರಗಂಟಿ. ತೂಬು ಎತ್ತುವುದು, ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ಗೊತ್ತು ಮಾಡುವುದು, ಮಳೆಗಾಲದ ರಾತ್ರಿ ಏರಿಯ ಮೇಲೆ ಕಾವಲು ಮಲಗುವುದು, ಕೋಡಿ ಬಿದ್ದಾಗ ಊರಿಗೆ ಕೂಗುವುದು ನೀರಗಂಟಿಯ ಕೆಲಸ. ಬಹುಪಾಲು ಊರುಗಳಲ್ಲಿ ಈ ನೀರಗಂಟಿ ಹೊಲೆಯರ ಕೇರಿಯವನು. ಈ ಬೇಸಿಗೆಯಲ್ಲಿ ಕೆರೆಯ ಯಾವ ಮೂಲೆಯಲ್ಲಿ ಎಷ್ಟು ಹೂಳು ಕೂತಿದೆ, ತೂಬಿನ ಬಾಯಿ ಎಷ್ಟು ಮುಚ್ಚಿದೆ ಎಂಬುದು ಅವನ ಅಂಗಾಲಿಗೆ ಗೊತ್ತಿತ್ತು. ಇವತ್ತಿನ ಮಾತಿನಲ್ಲಿ ಹೇಳುವುದಾದರೆ ಆ ಕೆರೆಯ ಮಾದರಿ ಅವನ ತಲೆಯೊಳಗಿತ್ತು. ಊರಿನ ನೀರನ್ನೆಲ್ಲ ಹಂಚುವವನು ಊರಿನ ಬಾವಿಗೆ ಕೊಡ ಇಳಿಸುವ ಹಾಗಿರಲಿಲ್ಲ. ಇದನ್ನು ಒಂದು ಸಲ ಓದಿ ಮುಂದಕ್ಕೆ ಹೋಗಬೇಡಿ. ನಿಂತು ಯೋಚನೆ ಮಾಡಿ.

ನಮ್ಮ ಬಳ್ಳಾರಿ ಸೀಮೆ ಆಗ ಮದರಾಸು ಪ್ರಾಂತದಲ್ಲಿತ್ತು. ಅಲ್ಲಿ ಕೆರೆಯ ರಿಪೇರಿಯನ್ನು ಕುಡಿಮರಾಮತ್ ಎನ್ನುತ್ತಿದ್ದರು. ಅಂದರೆ ಊರಿನವರೇ ಮಾಡಿಕೊಳ್ಳಬೇಕಾದ ಮರಾಮತ್ತು. ಇವತ್ತಿನ ಪರಿಸರದ ಪುಸ್ತಕಗಳು ಇದನ್ನು ಊರೊಟ್ಟಿನ ಸಹಕಾರ ಎಂದು ಕೊಂಡಾಡುತ್ತವೆ. ಅದು ಸಹಕಾರವೇ ಆಗಿದ್ದರೆ 1858ರಲ್ಲಿ ಬ್ರಿಟಿಷರು ಮದರಾಸು ಪ್ರಾಂತಕ್ಕೆ ಕಡ್ಡಾಯ ದುಡಿಮೆಯ ಕಾಯ್ದೆಯನ್ನು ಯಾಕೆ ತರಬೇಕಿತ್ತು? ಕೆರೆ, ಕಾಲುವೆ ಒಡೆಯುವ ಹಾಗಾದಾಗ ಸುತ್ತಲಿನ ಕೂಲಿ ವರ್ಗದ ಗಟ್ಟಿಮುಟ್ಟಾದ ಗಂಡಸರು ಕರೆದ ಕೂಡಲೇ ಬಂದು ದುಡಿಯಬೇಕು, ಬಾರದಿದ್ದರೆ ಶಿಕ್ಷೆ. ವಾಡಿಕೆಯ ಮರಾಮತ್ತಿನ ದುಡಿಮೆಯನ್ನೂ ಅದೇ ಕಾಯ್ದೆ ಬಲವಂತದಿಂದ ವಸೂಲು ಮಾಡಲು ದಾರಿ ಮಾಡಿಕೊಟ್ಟಿತು. ಕೂಲಿ ವರ್ಗ ಎಂದರೆ ಯಾರು ಅಂತ ನಮ್ಮ ಊರುಗಳಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬಿಟ್ಟಿ ಚಾಕರಿ ಎಂದು ಊರಿನ ಬಾಯಲ್ಲಿದ್ದದ್ದು ಅವತ್ತು ಸರಕಾರಿ ಕಾಗದಕ್ಕೆ ಹತ್ತಿತು.

ಇನ್ನು ಎತ್ತಿದ ಹೂಳು ಎಲ್ಲಿಗೆ ಹೋಗುತ್ತಿತ್ತು? ಕೆರೆಗೋಡು ಹೊಲಕ್ಕೆ ಬಂಗಾರ. ಮೇಲಿನ ಗುಡ್ಡದ ಎಲೆ, ಸಗಣಿ, ನುಣುಪು ಮಣ್ಣು ಎಲ್ಲಾ ಅದರಲ್ಲಿ ಇರುತ್ತದೆ. ಬೇಸಿಗೆಯಲ್ಲಿ ಬಂಡಿ ಹೂಡಿ ಹೊಲಕ್ಕೆ ಹೊಡೆಯುತ್ತಿದ್ದರು. ಬಂಡಿ ಇದ್ದವನಿಗೆ, ಎತ್ತು ಇದ್ದವನಿಗೆ, ಹೊಲ ಇದ್ದವನಿಗೆ ಅದು ಗೊಬ್ಬರ. ಮೂರೂ ಇಲ್ಲದವನಿಗೆ ಅದು ಬೆನ್ನಿನ ಮೇಲಿನ ಭಾರ. ಹೂಳು ಎತ್ತಿದವನೇ ಹೂಳು ಉಣ್ಣಲಿಲ್ಲ.

ಇಲ್ಲಿ ಮಹಾಡ್ ನೆನಪಾಗದೆ ಇರುವುದಿಲ್ಲ. ಊರು ಮಹಾರಾಷ್ಟ್ರದ್ದು, ಕಟ್ಟಳೆ ನಮ್ಮ ಊರಿನದೂ ಹೌದು. 1927ರ ಮಾರ್ಚ್ 20ರಂದು ಬಾಬಾಸಾಹೇಬ್ ಅಂಬೇಡ್ಕರ್ ಅಲ್ಲಿನ ಚವದಾರ್ ಕೆರೆಗೆ ಇಳಿದು ಬೊಗಸೆ ನೀರು ಕುಡಿದರು. ಆಮೇಲೆ ಸವರ್ಣೀಯರು ಕೊಡಗಟ್ಟಲೆ ಪಂಚಗವ್ಯ ಸುರಿದು ಕೆರೆಯನ್ನು ಶುದ್ಧ ಮಾಡಿದರು. ನೀರು ಮುಟ್ಟಿದರೆ ಕೆಡುವ ಕೆರೆ, ಹೂಳೆತ್ತಲು ಮೊಣಕಾಲುದ್ದ ಕೆಸರಿಗೆ ಇಳಿದರೆ ಕೆಡುವುದಿಲ್ಲ. ಬೇಸಿಗೆಯ ಕೆರೆಗೆ ಮೈಲಿಗೆ ಇಲ್ಲ, ಮಳೆಗಾಲದ ಕೆರೆಗೆ ಮೈಲಿಗೆ ಇದೆ. ಇದು ಧರ್ಮವಂತೆ.

*

ಈಗ ತುಂಗಭದ್ರೆಗೆ ಬರೋಣ. ಈ ಹೊಳೆಗೆ ವಿಜಯನಗರದ ಕಾಲದಲ್ಲಿ ಕಟ್ಟಿದ್ದು ಬಹಳಷ್ಟು ಗಿಡ್ಡ ಒಡ್ಡುಗಳು. ನೀರನ್ನು ಕಾಲುವೆಗೆ ತಿರುಗಿಸಲು ಬೇಕಾದಷ್ಟೇ ಎತ್ತರ. ಪ್ರವಾಹ ಬಂದಾಗ ನೀರೂ ಮರಳೂ ಒಡ್ಡಿನ ಮೇಲೆ ಹಾದು ಹೋಗುತ್ತಿದ್ದವು. ಹೊಳೆಯನ್ನು ತಡೆದು ನಿಲ್ಲಿಸಿರಲಿಲ್ಲ, ಕೈಹಿಡಿದು ಪಕ್ಕಕ್ಕೆ ಕರೆದಿದ್ದರು. ಹಾಗಾಗಿ ಅಲ್ಲಿ ಹೂಳಿನ ಕಾಟ ಕಡಿಮೆ.

ಹೊಳೆಯನ್ನೇ ಅಡ್ಡಗಟ್ಟುವ ಯೋಚನೆ 1860ರಲ್ಲಿ ಸರ್ ಆರ್ಥರ್ ಕಾಟನ್ ಕಾಲದ್ದು. 1876ರಿಂದ 78ರ ಬರದಲ್ಲಿ ಬಳ್ಳಾರಿ ಸೀಮೆ ಹೆಣದ ರಾಶಿಯಾಯಿತು. ಆದರೂ ಕೆಲಸ ಶುರುವಾದದ್ದು 1945ರ ಫೆಬ್ರವರಿ 28ರಂದು. ಹೊಳೆಯ ಒಂದು ದಂಡೆ ಮದರಾಸಿನದು, ಇನ್ನೊಂದು ಹೈದರಾಬಾದ್ ನಿಜಾಮನದು. ಎರಡೂ ಕಡೆ ಅಡಿಗಲ್ಲು. ಸುರ್ಕಿ ಗಾರೆಯಲ್ಲಿ ಕಲ್ಲಿಗೆ ಕಲ್ಲು ಕೂಡಿಸಿ ಎರಡು ಸಾವಿರದ ನಾನ್ನೂರು ಮೀಟರಿಗೂ ಉದ್ದದ ಗೋಡೆ ಎದ್ದಿತು. ನಮ್ಮ ಮುತ್ತಜ್ಜ ಅಲ್ಲಿ ಕಲ್ಲು ಹೊತ್ತವರಲ್ಲಿ ಒಬ್ಬ. ನಮ್ಮ ಮನೆಯಲ್ಲಿ ಡಿಗ್ರಿ ಕಂಡದ್ದು ನಾನೇ ಮೊದಲು. ಆ ಗೋಡೆಯ ಅಳತೆಯನ್ನು ಪುಸ್ತಕದಲ್ಲಿ ಓದಿದ್ದೂ ನಾನೇ ಮೊದಲು.

ಗೋಡೆಯ ಹಿಂದೆ ಸುಮಾರು 90 ಊರುಗಳು ಮುಳುಗಿದವು. ನಾರಾಯಣದೇವರಕೆರೆ ಎಂಬ ದೊಡ್ಡ ಊರು ಮುಳುಗಿತು. ಅಲ್ಲಿನವರು ಮರಿಯಮ್ಮನಹಳ್ಳಿಗೆ ಬಂದು ನೆಲೆಯಾದರು. ಹೊಲ ಮುಳುಗಿದವನಿಗೆ ಹೊಲದ ಲೆಕ್ಕದಲ್ಲಿ ಪರಿಹಾರ. ಹೊಲವೇ ಇಲ್ಲದೆ ಕೂಲಿ, ಆಯ, ಕೇರಿಯ ಋಣದಲ್ಲಿ ಬದುಕಿದವನಿಗೆ ಯಾವ ಲೆಕ್ಕ? ಮುಳುಗಡೆಯ ಕಾಗದದಲ್ಲಿ ಅವನ ಬದುಕಿಗೆ ಒಂದು ಕಾಲಮ್ಮು ಇರಲಿಲ್ಲ.

1953ನೇ ಇಸವಿಯನ್ನು ನೆನಪಿಟ್ಟುಕೊಳ್ಳಿ. ಆ ವರ್ಷ ಜಲಾಶಯದಲ್ಲಿ ನೀರು ನಿಂತಿತು. ಆ ವರ್ಷದ ಅಕ್ಟೋಬರಿನಲ್ಲಿ ನಮ್ಮ ಸೀಮೆ ಮೈಸೂರಿಗೆ ಸೇರಿತು. ಅದೇ ವರ್ಷ ಹೂಳಿನ ಬಗ್ಗೆ ಎರಡು ದೊಡ್ಡ ಲೆಕ್ಕಗಳು ಹೊರಬಂದವು. ಒಂದು ನಮ್ಮ ದೇಶದ್ದು. ಭಾಕ್ರಾ ಅಣೆಕಟ್ಟಿನ ಎಂಜಿನಿಯರ್ ಎ. ಎನ್. ಖೋಸ್ಲಾ ಅವರು ಜಲಾಶಯಗಳಲ್ಲಿ ತುಂಬುವ ಹೂಳನ್ನು ಲೆಕ್ಕ ಹಾಕಿ, ದೊಡ್ಡ ಜಲಾನಯನದಿಂದ ವರ್ಷಕ್ಕೆ ನೂರು ಚದರ ಮೈಲಿಗೆ 75 ಎಕರೆ-ಅಡಿ ಹೂಳು ಬರಬಹುದು ಎಂದರು. ಮೀಟರಿನ ಲೆಕ್ಕದಲ್ಲಿ ಒಂದು ಚದರ ಕಿಲೋಮೀಟರಿಗೆ ವರ್ಷಕ್ಕೆ ಸುಮಾರು 357 ಘನ ಮೀಟರು. ಇನ್ನೊಂದು ಅಮೆರಿಕದ ಗುನ್ನರ್ ಬ್ರೂನ್ ಅವರದು. ಒಂದು ಜಲಾಶಯಕ್ಕೆ ವರ್ಷಕ್ಕೆ ಬರುವ ನೀರೆಷ್ಟು, ಅದು ಹಿಡಿಯುವ ನೀರೆಷ್ಟು, ಇವೆರಡರ ಅನುಪಾತ ಗೊತ್ತಾದರೆ ಬಂದ ಹೂಳಿನಲ್ಲಿ ಎಷ್ಟು ಪಾಲು ಒಳಗೇ ಉಳಿಯುತ್ತದೆಂದು ಅವರ ಗೆರೆ ತೋರಿಸುತ್ತದೆ. ಬಂದ ನೀರಿನ ಮೂರರಲ್ಲಿ ಒಂದು ಪಾಲು ಹಿಡಿಯುವಂಥ ಜಲಾಶಯವಾದರೆ ನೂರಕ್ಕೆ ತೊಂಬತ್ತಕ್ಕೂ ಮೇಲೆ ಹೂಳು ಅಲ್ಲೇ ಕೂರುತ್ತದೆ.

ಎಂದರೆ, ಜಲಾಶಯಕ್ಕೆ ಹೂಳು ತುಂಬುವುದು ದೇವರ ಆಟ ಆಗಿರಲಿಲ್ಲ. ಮೊದಲ ನೀರು ನಿಂತ ವರ್ಷವೇ ಅದನ್ನು ಲೆಕ್ಕ ಹಾಕುವ ದಾರಿ ಗೊತ್ತಿತ್ತು. ಸಾಲ ತೆಗೆಯುವಾಗಲೇ ಕಂತು ಎಷ್ಟು ಅಂತ ಗೊತ್ತಿದ್ದ ಹಾಗೆ. ಕಂತು ಕಟ್ಟುವವರು ಯಾರು ಎಂಬುದನ್ನು ಮಾತ್ರ ಯಾರೂ ಬರೆದಿಡಲಿಲ್ಲ.

*

ಹೂಳು ಹೇಗೆ ಕೂರುತ್ತದೆ ಎಂದು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಓಡುವ ನೀರಿಗೆ ಶಕ್ತಿ ಇರುತ್ತದೆ. ಮರಳು, ಮಣ್ಣು, ಜೇಡಿ ಎಲ್ಲವನ್ನೂ ಹೊತ್ತು ತರುತ್ತದೆ. ಹಿನ್ನೀರಿಗೆ ಬಂದು ಮುಟ್ಟಿದ ಕೂಡಲೇ ಅದರ ಕಾಲು ಸೋಲುತ್ತದೆ. ಭಾರದ ಮರಳು ಅಲ್ಲೇ, ಜಲಾಶಯದ ತಲೆಬಾಗಿಲಲ್ಲೇ ಬೀಳುತ್ತದೆ. ನುಣ್ಣಗಿನ ಜೇಡಿ ತೇಲಿಕೊಂಡು ಗೋಡೆಯವರೆಗೂ ಬರುತ್ತದೆ. ಹಳೆಯ ಎಂಜಿನಿಯರುಗಳು ತೂಬಿನ ಕೆಳಗೆ ಒಂದಿಷ್ಟು ಜಾಗ ಬಿಟ್ಟು ಅದಕ್ಕೆ ಡೆಡ್ ಸ್ಟೋರೇಜ್ ಎಂದು ಹೆಸರಿಟ್ಟರು. ಹೂಳೆಲ್ಲ ಬಂದು ಅಲ್ಲಿ ಮಲಗುತ್ತದೆ, ಮೇಲಿನ ನೀರು ನಮ್ಮದು ಅಂದುಕೊಂಡರು. ಹೂಳು ಆ ಮಾತು ಕೇಳಲಿಲ್ಲ. ನಾವು ಬಳಸುವ ನೀರಿನ ಜಾಗದಲ್ಲೇ, ಮೇಲಿನ ಅಂಗಳದಲ್ಲೇ ಗುಡ್ಡೆ ಹಾಕಿಕೊಂಡು ಕೂತಿತು. ಸತ್ತವರ ಜಾಗ ತೋರಿಸಿದರೆ ಬದುಕಿದವರ ನಡುಮನೆಗೆ ಬಂತು.

ತುಂಗಭದ್ರಾ ಜಲಾನಯನ ಸುಮಾರು 28 ಸಾವಿರ ಚದರ ಕಿಲೋಮೀಟರು. 1953ರಿಂದ 2016ರವರೆಗೆ 63 ವರ್ಷ. ಹೋದದ್ದು 26.68 ಟಿಎಂಸಿ. ಒಂದು ಟಿಎಂಸಿ ಎಂದರೆ 2.83 ಕೋಟಿ ಘನ ಮೀಟರು. ಭಾಗಿಸಿ ನೋಡಿದರೆ ಚದರ ಕಿಲೋಮೀಟರಿಗೆ ವರ್ಷಕ್ಕೆ ಸುಮಾರು 425 ಘನ ಮೀಟರು ಬೀಳುತ್ತದೆ. ಖೋಸ್ಲಾ ಅವರ ಲೆಕ್ಕಕ್ಕಿಂತ ಐದನೇ ಒಂದು ಪಾಲು ಜಾಸ್ತಿ. 2008ರ ಅಳತೆಯನ್ನು ಹಿಡಿದರೆ ಇನ್ನೂ ಜಾಸ್ತಿ. ಯಾಕೆಂದರೆ ಆ ವರ್ಷ ಜಲಾಶಯ ಹಿಡಿಯುವುದು 100.855 ಟಿಎಂಸಿ ಎಂದಿದ್ದರು.

ಇಲ್ಲಿ ಯಾರಿಗಾದರೂ ಅನುಮಾನ ಬರಬೇಕು. 2008ರಲ್ಲಿ 100, 2016ರಲ್ಲಿ 105. ಎಂಟು ವರ್ಷದಲ್ಲಿ ಹೂಳು ಎದ್ದು ನಡೆದು ಹೋಯಿತೇನು? ಹೂಳು ಎಲ್ಲಿಗೂ ಹೋಗಿಲ್ಲ. ಇಷ್ಟು ಅಗಲದ ಜಲಾಶಯವನ್ನು ದೋಣಿಯಲ್ಲಿ ಗೆರೆ ಗೆರೆಯಾಗಿ ಹೋಗಿ, ಸದ್ದು ಕಳಿಸಿ ಆಳ ಅಳೆಯುತ್ತಾರೆ. ಇಲ್ಲವೇ ಬೇರೆ ಬೇರೆ ಮಟ್ಟದಲ್ಲಿ ನೀರು ಎಷ್ಟು ಅಗಲ ಹರಡಿದೆ ಎಂದು ಉಪಗ್ರಹದ ಚಿತ್ರದಲ್ಲಿ ನೋಡುತ್ತಾರೆ. ಬಗೆ ಬದಲಾದರೆ, ಗೆರೆಗಳ ನಡುವಿನ ಅಂತರ ಬದಲಾದರೆ ಉತ್ತರವೂ ಬದಲಾಗುತ್ತದೆ. ವಿಜ್ಞಾನದಲ್ಲಿ ಇದು ತಪ್ಪೇನಲ್ಲ. ಆದರೆ ಆ 5 ಟಿಎಂಸಿ ವ್ಯತ್ಯಾಸ ಎಂದರೆ ದಿನಕ್ಕೆ 100 ಲೀಟರಿನಂತೆ 38 ಲಕ್ಷ ಜನರ ಒಂದು ವರ್ಷದ ನೀರು. ಮೂರು ರಾಜ್ಯಗಳು ಪಾಲು ಕೇಳುವ ಹೊಳೆಯಲ್ಲಿ ಒಂದು ಅಳತೆಯ ಪುಸ್ತಕ ಇಷ್ಟು ಜನರ ಬಾಯಾರಿಕೆಯನ್ನು ಕೂಡುತ್ತದೆ, ಕಳೆಯುತ್ತದೆ.

ಹೂಳು ಎಲ್ಲಿಂದ ಹೊರಡುತ್ತದೆ ಎಂದು ಹೇಳುವ ಸೂತ್ರವೂ ಇದೆ. 1965ರಲ್ಲಿ ಅಮೆರಿಕದ ವಿಷ್‌ಮೈಯರ್ ಮತ್ತು ಸ್ಮಿತ್ ಅದನ್ನು ಕೈಪಿಡಿ ಮಾಡಿ ಕೊಟ್ಟರು. ಮಳೆಯ ಹೊಡೆತ, ಮಣ್ಣಿನ ಗುಣ, ಇಳಿಜಾರಿನ ಉದ್ದ, ಅದರ ಕಡಿದು, ನೆಲದ ಮೇಲಿನ ಹಸಿರು, ಬದು ಹಾಕಿದ ಬಗೆ. ಇವನ್ನೆಲ್ಲ ಗುಣಿಸಿದರೆ ಎಕರೆಗೆ ಎಷ್ಟು ಮಣ್ಣು ಕೊಚ್ಚಿ ಹೋಗುತ್ತದೆಂದು ಸಿಗುತ್ತದೆ. ಅದರಲ್ಲಿ ಎಷ್ಟು ಪಾಲು ಹಳ್ಳ ಸೇರಿ ಜಲಾಶಯ ಮುಟ್ಟುತ್ತದೆ ಎಂಬುದು ಬೇರೆ ಲೆಕ್ಕ. ಈಗ ಇದನ್ನೆಲ್ಲ ಕಂಪ್ಯೂಟರು ನಕ್ಷೆಯ ಮೇಲೆ ಚೌಕ ಚೌಕವಾಗಿ ಮಾಡುತ್ತದೆ. ಒಳ್ಳೆಯ ವಿದ್ಯೆ. ನಮ್ಮ ಹುಡುಗರು ಕಲಿಯಬೇಕಾದ ವಿದ್ಯೆ. ಆದರೆ ಒಂದು ಮಾತು ಕೇಳಿ. ಕಡಿದಾದ ಇಳಿಜಾರಿನ ಚೌಕ ಕೆಂಪಾಗಿ ಕಾಣುತ್ತದೆ. ಅಲ್ಲಿ ಯಾರು ಉಳುತ್ತಿದ್ದಾರೆ, ಯಾಕೆ ಅಲ್ಲಿಗೆ ಹತ್ತಿದರು ಎಂದು ನಕ್ಷೆ ಹೇಳುವುದಿಲ್ಲ. ಕೆಳಗಿನ ಎರೆಭೂಮಿ ಯಾರ ಹೆಸರಿನಲ್ಲಿದೆ? ಗುಡ್ಡದ ಕಲ್ಲುನೆಲ, ಗೋಮಾಳ, ಬಗರ್‌ಹುಕುಂ ಯಾರ ಪಾಲಿಗೆ ಬಂತು? ಆ ಗುಣಾಕಾರದಲ್ಲಿ ಜಾತಿಗೆ ಒಂದು ಅಕ್ಷರ ಇಲ್ಲ. ಉತ್ತರದಲ್ಲಿ ಮಾತ್ರ ಬಡವನೇ ಮಣ್ಣು ಕೆಡಿಸಿದವನಾಗಿ ಬರುತ್ತಾನೆ.

ದೊಡ್ಡವರು ಕೆಡವಿದ ಮಣ್ಣೂ ಇದೆ. ತುಂಗೆ, ಭದ್ರೆ ಹುಟ್ಟುವ ಪಶ್ಚಿಮಘಟ್ಟದ ಕುದುರೆಮುಖದಲ್ಲಿ ಕಬ್ಬಿಣದ ಅದಿರಿಗಾಗಿ ಬೆಟ್ಟಗಳನ್ನೇ ಬಿಚ್ಚಿದರು. ಅದು ಗುಡ್ಡದ ಅರ್ಧ ಎಕರೆ ರಾಗಿಯವನ ಕೆಲಸ ಅಲ್ಲ, ಕೇಂದ್ರ ಸರಕಾರದ ಕಂಪನಿಯದು. ಸುಪ್ರೀಂ ಕೋರ್ಟ್ 2002ರಲ್ಲಿ ಆದೇಶ ಕೊಟ್ಟು 2005ರ ಕೊನೆಗೆ ಗಣಿ ನಿಂತಿತು. ಅಲ್ಲಿಯ ಹೂಳಿನ ಬಹುಪಾಲು ತುಂಗಭದ್ರಾ ಜಲಾಶಯದವರೆಗೆ ಬರುವ ಮೊದಲು ಲಕ್ಕವಳ್ಳಿಯ ಭದ್ರಾ ಅಣೆಕಟ್ಟೆಯಲ್ಲಿ ಕೂರುತ್ತದೆ ಎನ್ನುವುದನ್ನೂ ಹೇಳಬೇಕು. ಲೆಕ್ಕ ಕೇಳುವವನ ಲೆಕ್ಕ ಸರಿಯಾಗಿರಬೇಕು. ಆದರೆ ಮೇಲಿನ ಅಣೆಕಟ್ಟಿನ ಹೂಳೂ ಯಾರದೋ ನೀರಿನ ಜಾಗವನ್ನೇ ನುಂಗಿದ್ದು.

*

ಹಾಗಾದರೆ ಹೂಳು ಎತ್ತಿಬಿಡೋಣ ಎನ್ನುತ್ತಾರೆ. ಚುನಾವಣೆ ಬಂದಾಗಲೆಲ್ಲ ಈ ಮಾತು ಕೇಳಿಬರುತ್ತದೆ. 2017ರ ಬರದಲ್ಲಿ ರೈತರು ಸರಕಾರವನ್ನು ಕಾದು ಸಾಕಾಗಿ ತಾವೇ ಟ್ರ್ಯಾಕ್ಟರು, ಜೆಸಿಬಿ ತಂದು ಜಲಾಶಯದ ಹೂಳೆತ್ತಲು ಇಳಿದರು. ಅವರ ಸಿಟ್ಟಿಗೆ ಗೌರವ ಇರಲಿ. ಈಗ ಲೆಕ್ಕ ನೋಡಿ. 26.68 ಟಿಎಂಸಿ ಎಂದರೆ 75 ಕೋಟಿ ಘನ ಮೀಟರಿಗೂ ಮೇಲೆ. ಒಂದು ಟಿಪ್ಪರಿಗೆ 10 ಘನ ಮೀಟರು ಎಂದರೆ ಏಳೂವರೆ ಕೋಟಿ ಟಿಪ್ಪರು. ದಿನಕ್ಕೆ ಸಾವಿರ ಟಿಪ್ಪರಿನಂತೆ, ಒಂದು ದಿನವೂ ಬಿಡದೆ ಹೊಡೆದರೆ 200 ವರ್ಷ ದಾಟುತ್ತದೆ. ಅದೂ ಹೊಸ ಹೂಳು ಬರದಿದ್ದರೆ. ವರ್ಷವರ್ಷ ಬರುವ ಹೂಳನ್ನು ಮಾತ್ರ ಎತ್ತಬೇಕೆಂದರೂ ದಿನಕ್ಕೆ 3,300 ಟಿಪ್ಪರು ಬೇಕು. ಎತ್ತಿದ್ದನ್ನು ಎಲ್ಲಿ ಸುರಿಯುತ್ತೀರಿ? ಸುರಿಯಲು ಮತ್ತೆ ಯಾರದೋ ನೆಲ ಬೇಕು.

ಊರ ಕೆರೆಯ ಮಾತು ಬೇರೆ. ಸಣ್ಣ ಕೆರೆಯ ಹೂಳನ್ನು ಎತ್ತಬಹುದು, ಎತ್ತಿದ್ದಾರೆ. 2005ರ ಉದ್ಯೋಗ ಖಾತ್ರಿ ಕಾಯ್ದೆ ಬಂದ ಮೇಲೆ ನಮ್ಮ ಕಡೆಯ ಕೆರೆಗಳಲ್ಲಿ ಬೇಸಿಗೆ ಪೂರ್ತಿ ಹೆಣ್ಣುಮಕ್ಕಳು ಪುಟ್ಟಿ ಹೊತ್ತರು. ನಮ್ಮವ್ವನೂ ಹೊತ್ತಳು. ಬಿಟ್ಟಿಯ ಜಾಗಕ್ಕೆ ಕೂಲಿ ಬಂತು, ಅದು ಸಣ್ಣ ಮಾತಲ್ಲ. ಟಿಪ್ಪರಿನ ಈ ಲೆಕ್ಕವನ್ನು ಅವಳಿಗೆ ಓದಿ ಹೇಳಿದೆ. "ಮ್ಯಾಲಿಂದ ಬರೂದು ನಿಲ್ಲಲಾರದ ತಳದಾಗ ತೆಗದ್ರ ಏನ್ ಬಂತಪ್ಪಾ? ನಮ್ಮ ಕೆರಿಗೆ ಹೋದ ವರ್ಷ ತೆಗದ ಗುಂಡಿ ಒಂದ ಮಳಿಗೆ ತುಂಬಿತು" ಅಂದಳು. ದೊಡ್ಡ ದೊಡ್ಡ ವರದಿಗಳ ಕೊನೆಯ ಪುಟದಲ್ಲಿ ಇರುವುದೂ ಇಷ್ಟೇ.

ಹೂಳನ್ನು ಕಡಿಮೆ ಮಾಡುವ ದಾರಿ ಮೂರು. ಒಂದು, ಮೇಲೆಯೇ ಹಿಡಿಯುವುದು: ಇಳಿಜಾರಿಗೆ ಅಡ್ಡ ಬದು, ಹಳ್ಳಕ್ಕೆ ಕಲ್ಲಿನ ತಡೆ, ಬೋಳು ನೆಲಕ್ಕೆ ಹುಲ್ಲು, ಮರ. ಇದು ನಿಧಾನದ ಕೆಲಸ, ವರ್ಷಗಟ್ಟಲೆ ಕೂಲಿ ಕೊಡಬೇಕಾದ ಕೆಲಸ. ಎರಡು, ಬಂದ ಹೂಳನ್ನು ನಿಲ್ಲಲು ಬಿಡದೆ ದಾಟಿಸುವುದು. ವರ್ಷದ ಹೂಳಿನ ಬಹುಪಾಲು ಬರುವುದು ಕೆಲವೇ ದಿನಗಳ ಪ್ರವಾಹದಲ್ಲಿ. ಆ ರಾಡಿ ನೀರನ್ನು ಹಾಯಲು ಬಿಟ್ಟು, ತಿಳಿಯಾದ ನೀರನ್ನು ಹಿಡಿಯಬೇಕು. ಮೂರು, ಕೂತದ್ದನ್ನು ಎತ್ತುವುದು; ಅದರ ಲೆಕ್ಕ ಮೇಲೆ ನೋಡಿದಿರಿ.

ಎರಡನೇ ದಾರಿಗೆ ಚೀನಾ ಒಂದು ಪಾಠ ಕೊಟ್ಟಿದೆ. ಹಳದಿ ನದಿ ಲೋಕದಲ್ಲೇ ಹೆಚ್ಚು ಮಣ್ಣು ಹೊರುವ ನದಿಗಳಲ್ಲಿ ಒಂದು. ಅದಕ್ಕೆ ಸಾನ್‌ಮೆನ್‌ಶಿಯಾದಲ್ಲಿ ಅಣೆಕಟ್ಟು ಕಟ್ಟಿ 1960ರಲ್ಲಿ ನೀರು ನಿಲ್ಲಿಸಿದರು. ಲಕ್ಷಾಂತರ ಜನರನ್ನು ಎಬ್ಬಿಸಿ ಕಟ್ಟಿದ ಆ ಜಲಾಶಯಕ್ಕೆ ಹೂಳು ಎಷ್ಟು ಬೇಗ ನುಗ್ಗಿತೆಂದರೆ 1962ಕ್ಕೇ ನೀರು ನಿಲ್ಲಿಸುವ ಕ್ರಮ ಬದಲಿಸಬೇಕಾಯಿತು. ಆಮೇಲೆ ಗೋಡೆಯ ತಳದ ಕಿಂಡಿಗಳನ್ನು ತೆರೆದರು, ಪಕ್ಕದಲ್ಲಿ ಸುರಂಗ ಕೊರೆದರು. 1973ರಿಂದ ಪ್ರವಾಹದ ಕಾಲಕ್ಕೆ ರಾಡಿಯನ್ನು ಹೊರಗೆ ಬಿಡುವುದು, ಆಮೇಲೆ ತಿಳಿನೀರು ಹಿಡಿಯುವುದು ಎಂಬ ಪದ್ಧತಿ ಮಾಡಿಕೊಂಡರು. ಮೊದಲೇ ಮಾಡಬಹುದಾಗಿದ್ದ ಕೆಲಸವನ್ನು ಜನ ಮುಳುಗಿದ ಮೇಲೆ ಮಾಡಿದರು.

ತುಂಗಭದ್ರೆಯ 33 ಕ್ರೆಸ್ಟ್‌ಗೇಟುಗಳು ಗೋಡೆಯ ನೆತ್ತಿಯಲ್ಲಿವೆ, ಹೂಳು ಪಾದದಲ್ಲಿ ಮತ್ತು ಅಂಗಳದಲ್ಲಿದೆ. ಅದಕ್ಕಿಂತ ದೊಡ್ಡ ತೊಡಕು ಬೇರೆ. ಮೊದಲ ಪ್ರವಾಹವನ್ನು ಬಿಟ್ಟುಕೊಡುವ ಧೈರ್ಯ ಬೇಕು. ಆಮೇಲೆ ಮಳೆ ಕೈಕೊಟ್ಟರೆ? ಆ ಭಯದಲ್ಲಿ ರಾಡಿಯನ್ನೂ ಹಿಡಿದಿಟ್ಟುಕೊಳ್ಳುತ್ತೇವೆ. ಈ ಕಾಲುವೆಗಳನ್ನು ಬರದ ಸೀಮೆಗೆ ಜೋಳ, ಹತ್ತಿಯಂಥ ಕಡಿಮೆ ನೀರಿನ ಬೆಳೆಗೆ ಅಂತ ಯೋಜನೆ ಮಾಡಿದ್ದರು. ಕಾಲುವೆಯ ತಲೆಯಲ್ಲಿ ಇರುವವರು ಭತ್ತ ಹಚ್ಚಿದರು. ಜಲಾಶಯ ಕುಗ್ಗಿದಷ್ಟೂ ಮೊದಲು ಒಣಗುವುದು ರಾಯಚೂರು ಕಡೆಯ ಕೊನೆಯ ಹೊಲಗಳು, ಮೊದಲು ಕೂಲಿ ತಪ್ಪುವುದು ಆ ಹೊಲಗಳ ಆಳುಗಳಿಗೆ. ಹೂಳಿನ ಕಂತು ಕಟ್ಟುತ್ತಿರುವವರು ಅವರು.

ಈಗ ಹೊಸ ಪ್ರಸ್ತಾಪ ಬಂದಿದೆ. ಹೂಳಿಗೆ ಹೋದ ನೀರನ್ನು ಹಿಡಿಯಲು ಕೊಪ್ಪಳ ಜಿಲ್ಲೆಯ ನವಲಿ ಹತ್ತಿರ ಇನ್ನೊಂದು ಜಲಾಶಯ. ಒಂದು ಜಲಾಶಯದ ಹೂಳಿಗೆ ಇನ್ನೊಂದು ಜಲಾಶಯ ಉತ್ತರವಂತೆ. ಅಲ್ಲಿಯೂ ಹೊಲ ಮುಳುಗುತ್ತವೆ, ಅಲ್ಲಿಯೂ ಹೊಲ ಇಲ್ಲದವರು ಇದ್ದಾರೆ. ನಾರಾಯಣದೇವರಕೆರೆಯವರನ್ನು ಕೇಳಿದ ಮೇಲೆ ನವಲಿಯ ನಕ್ಷೆ ಬಿಚ್ಚಿ ಎನ್ನುವುದು ನನ್ನ ಮಾತು. ನೀರು ಬೇಡ ಅನ್ನುತ್ತಿಲ್ಲ. ಬಾಯಾರಿದವರ ಮನೆಯಲ್ಲಿ ಹುಟ್ಟಿದವರು ನಾವು, ನೀರು ಬೇಡ ಅನ್ನಲು ನಮಗೆ ಬಾಯೇ ಬರುವುದಿಲ್ಲ.

ಕೇಳುವುದು ಇಷ್ಟು. ಹೂಳಿನ ಅಳತೆಯ ಪುಸ್ತಕ ಪ್ರತಿ ಪಂಚಾಯತಿಯಲ್ಲಿ ಕನ್ನಡದಲ್ಲಿ ಸಿಗಲಿ. ಮೇಲಿನ ಗುಡ್ಡಕ್ಕೆ ಬದು ಹಾಕುವ ಕೆಲಸದಲ್ಲಿ ಆ ನೆಲ ಉಳುವವನಿಗೆ ಕೂಲಿಯೂ ಪಟ್ಟಾವೂ ಒಟ್ಟಿಗೆ ಸಿಗಲಿ. ನೆಲ ತನ್ನದಾದರೆ ಮಣ್ಣು ಕಾಯುವುದನ್ನು ಅವನಿಗೆ ಯಾರೂ ಕಲಿಸಬೇಕಿಲ್ಲ. ಮೊದಲ ಪ್ರವಾಹ ಬಿಡಬೇಕೋ ಹಿಡಿಯಬೇಕೋ ಎಂದು ತೀರ್ಮಾನಿಸುವ ಸಭೆಯಲ್ಲಿ ಕಾಲುವೆಯ ತಲೆಯವನ ಎದುರು ಕಾಲುವೆಯ ಬಾಲದವನಿಗೂ, ಹೊಲವಿಲ್ಲದ ಕೂಲಿಗೂ ಒಂದು ಕುರ್ಚಿ ಇರಲಿ. ಕೆರೆಗೋಡು ಎತ್ತಿದವರಿಗೆ ಆ ಗೋಡಿನಲ್ಲಿ ಪಾಲಿರಲಿ.

ಸಾವಿರ ವರ್ಷ ಹೂಳು ಹೊತ್ತ ಹೆಗಲುಗಳು ಇವು. ಇನ್ನು ಮೇಲೆ ಲೆಕ್ಕದ ಪುಸ್ತಕವನ್ನೂ ಈ ಕಡೆ ಕೊಡಿ.